‘ಬಹುದು’ ಬಿಡಿಸಿ ಬರೆದಾಗ ಸಿಗುವ ಜಾಗ: ಕಲಬುರಗಿಯ ಇಂಗ್ಲಿಷ್ ಕ್ಲಾಸಿನಿಂದ

ಕಲಬುರಗಿಯಲ್ಲಿ ನೌಕರಿ ಪರೀಕ್ಷೆಗೆ, ಕಚೇರಿ ಪತ್ರವ್ಯವಹಾರಕ್ಕೆ ಅಂತ ಇಂಗ್ಲಿಷ್ ಕಲಿಯಲು ಬರುವವರ ನೋಟ್‌ಬುಕ್ ತಿದ್ದುವಾಗ ಕ್ಯಾನ್, ಮೇ, ಮಸ್ಟ್, ಶುಡ್ ಇರುವ ವಾಕ್ಯಗಳಿಗೇ ಕೆಂಪು ಗೆರೆ ಹೆಚ್ಚು. ಇವುಗಳ ಅರ್ಥ ಎಲ್ಲರಿಗೂ ಗೊತ್ತು. ತಪ್ಪುವುದು ಅಕ್ಕಪಕ್ಕದ ಪದಗಳಲ್ಲಿ.

ಕನ್ನಡದಲ್ಲಿ ‘ಬಹುದು’, ‘ಬೇಕು’, ‘ಬಾರದು’ ಕ್ರಿಯಾಪದಕ್ಕೆ ಅಂಟಿಕೊಂಡೇ ಬರುತ್ತವೆ: ಬರಬಹುದು, ಬರಬೇಕು, ಬರಬಾರದು. ನಡುವೆ ಇನ್ನೊಂದು ಪದ ತೂರುವುದಿಲ್ಲ. ಹಾಗಾಗಿ ‘ಯಾವಾಗಲೂ ರಸೀದಿ ಇಟ್ಟುಕೊಳ್ಳಬೇಕು’ ಎಂಬುದು ‘ಆಲ್ವೇಸ್ ಯು ಶುಡ್ ಕೀಪ್ ದ ರಿಸೀಟ್’ ಆಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಶುಡ್ ಬೇರೆ, ಕೀಪ್ ಬೇರೆ. ಆಲ್ವೇಸ್ ಕೂರಬೇಕಾದದ್ದು ಅವೆರಡರ ನಡುವಿನ ಸಂದಿಯಲ್ಲಿ: ‘ಯು ಶುಡ್ ಆಲ್ವೇಸ್ ಕೀಪ್ ದ ರಿಸೀಟ್’. ನೆವರ್, ಆಲ್ಸೋ, ಪ್ರಾಬಬ್ಲಿ, ಈಸಿಲಿ ಇವಕ್ಕೂ ಅದೇ ಜಾಗ.

ಈ ಸಂದಿಯನ್ನು ಮನದಟ್ಟು ಮಾಡಿಸಲು ಕನ್ನಡವೇ ಒಂದು ದಾರಿ ಕೊಡುತ್ತದೆ. ‘ಬರಬೇಕು’ ಮತ್ತು ‘ಬರಲೇಬೇಕು’, ‘ಬರಬಹುದು’ ಮತ್ತು ‘ಬರಲೂಬಹುದು’ ಜೋಡಿಗಳನ್ನು ಬೋರ್ಡ್ ಮೇಲೆ ಬರೆಯಿರಿ. ನಡುವೆ ನುಸುಳಿದ ಆ ‘ಏ’, ‘ಊ’ ತೋರಿಸಿ. ‘ಬರಲೇಬೇಕು’ ಅಂದರೆ ‘ಮಸ್ಟ್ ಡೆಫಿನೆಟ್ಲಿ ಕಮ್’, ‘ಬರಲೂಬಹುದು’ ಅಂದರೆ ‘ಮೇ ಈವನ್ ಕಮ್’. ನಮ್ಮಲ್ಲಿ ಒಂದು ಅಕ್ಷರ ನುಸುಳುವ ಕಡೆ ಅವರಲ್ಲಿ ಒಂದು ಪದವೇ ಕೂರುತ್ತದೆ. ನಿಯಮ ಉರುಹೊಡೆಸುವುದಕ್ಕಿಂತ ಇದು ಎಷ್ಟೋ ಬೇಗ ತಲೆಗೆ ಹತ್ತುತ್ತದೆ.

ಆದರೆ ಎಲ್ಲ ಕ್ರಿಯಾವಿಶೇಷಣವನ್ನೂ ಅಲ್ಲಿ ತುರುಕಬಾರದು. ಕಾಲ, ಸ್ಥಳ ಹೇಳುವವು ಸಾಮಾನ್ಯವಾಗಿ ಕೊನೆಗೆ: ‘ಯು ಮಸ್ಟ್ ಕಮ್ ಹಿಯರ್ ಟುಮಾರೋ’. ರೀತಿ ಹೇಳುವ ಕೇರ್‌ಫುಲಿಯಂಥವು ಕರ್ಮಪದ ಮುಗಿದ ಮೇಲೆ ಬಂದರೆ ಚೆನ್ನ: ‘ರೀಡ್ ದ ಫಾರ್ಮ್ ಕೇರ್‌ಫುಲಿ’. ‘ರೀಡ್ ಕೇರ್‌ಫುಲಿ ದ ಫಾರ್ಮ್’ ತಪ್ಪು.

ವಾಕ್ಯದಲ್ಲಿ ‘ಇಲ್ಲ’ ಎಂಬ ಅರ್ಥ ಬಂದರೆ ಪ್ರಾಬಬ್ಲಿ ಜಾಗ ಬದಲಿಸುತ್ತದೆ. ‘ಹಿ ವಿಲ್ ಪ್ರಾಬಬ್ಲಿ ಕಮ್’ ಸರಿ. ‘ಬರಲಿಕ್ಕಿಲ್ಲ’ ಎನ್ನಲು ‘ಹಿ ಪ್ರಾಬಬ್ಲಿ ವೋಂಟ್ ಕಮ್’. ರಿಯಲಿ ಜಾಗ ಬದಲಿಸಿದರೆ ಅರ್ಥವೇ ಬದಲಾಗುತ್ತದೆ: ‘ಐ ರಿಯಲಿ ಕಾಂಟ್ ಸೇ’ ಅಂದರೆ ಖಂಡಿತ ಹೇಳಲಾರೆ, ‘ಐ ಕಾಂಟ್ ರಿಯಲಿ ಸೇ’ ಅಂದರೆ ಇಂಥದ್ದೇ ಅಂತ ಹೇಳುವುದು ಕಷ್ಟ. ಹಾರ್ಡ್ಲಿಯೊಳಗೆ ಆಗಲೇ ‘ಇಲ್ಲ’ ಇದೆ, ಅದರ ಜೊತೆ ಕಾಂಟ್ ಬೇಡ. ಫೋನಿನಲ್ಲಿ ದನಿ ಸರಿಯಾಗಿ ಕೇಳದಿದ್ದರೆ ‘ಐ ಕ್ಯಾನ್ ಹಾರ್ಡ್ಲಿ ಹಿಯರ್ ಯು’ ಅಂದರೆ ಸಾಕು.

‘ಹೋಗಬೇಕಾಗಬಹುದು’ ಎಂಬುದು ದೊಡ್ಡ ತೊಡಕು. ಕನ್ನಡ ‘ಬೇಕು’ ಮೇಲೆ ‘ಬಹುದು’ ಸಲೀಸಾಗಿ ಹೇರುತ್ತದೆ. ಅದನ್ನು ನೋಡಿ ‘ಮೇ ಮಸ್ಟ್ ಗೋ’ ಎಂದು ಬರೆಯುತ್ತಾರೆ. ಶಿಷ್ಟ ಇಂಗ್ಲಿಷಿನಲ್ಲಿ ಎರಡು ಮೋಡಲ್ (ಕ್ಯಾನ್, ಮೇ, ಮಸ್ಟ್‌ನಂಥ ಸಹಾಯಕ ಕ್ರಿಯಾಪದ) ಒಟ್ಟಿಗೆ ನಿಲ್ಲುವುದಿಲ್ಲ. ಎರಡನೆಯದರ ಜಾಗಕ್ಕೆ ಹ್ಯಾವ್ ಟು ಅಥವಾ ಬಿ ಏಬಲ್ ಟು ಬರಬೇಕು: ‘ಯು ಮೇ ಹ್ಯಾವ್ ಟು ಗೋ ಟು ಬೀದರ್’. ‘ವಿಲ್ ಕ್ಯಾನ್’ ಅಲ್ಲ, ‘ವಿಲ್ ಬಿ ಏಬಲ್ ಟು’. ‘ಕ್ಯಾನ್ ಏಬಲ್ ಟು’ ಅಂತೂ ಒಂದೇ ಅರ್ಥವನ್ನು ಎರಡು ಸಲ ಹೇಳಿದಂತೆ, ಏಬಲ್ ಟು ತೆಗೆಯಿರಿ. ಹಾಗೆಯೇ ರೈಲು ವಾಡಿ ಜಂಕ್ಷನ್ ‘ಬಿಟ್ಟಿರಬೇಕು’ ಎಂಬ ಊಹೆಗೆ ‘ಮಸ್ಟ್ ಹ್ಯಾವ್ ಲೆಫ್ಟ್’. ‘ಬಿಡಬೇಕಾಗಿತ್ತು’, ಇನ್ನೂ ಬಿಟ್ಟಿಲ್ಲ ಎನ್ನಲು ‘ಶುಡ್ ಹ್ಯಾವ್ ಲೆಫ್ಟ್’. ಮೊದಲನೆಯದಕ್ಕೆ ಆಲ್ರೆಡಿ ಸೇರಿಸುವುದಾದರೆ ಹ್ಯಾವ್‌ಗೆ ಮುಂಚೆಯೂ ನಡೆಯುತ್ತದೆ, ನಂತರವೂ ನಡೆಯುತ್ತದೆ.

ಇನ್ನು ಪ್ರಿಪೊಸಿಷನ್, ಅಂದರೆ ಟು, ಅಬೌಟ್, ಬೈ ಥರದ ಪದ. ಅದನ್ನು ತೀರ್ಮಾನಿಸುವುದು ಮುಖ್ಯ ಕ್ರಿಯಾಪದ ಮತ್ತು ಮುಂದೆ ಬರುವ ನಾಮಪದ. ಮೋಡಲ್‌ಗೆ ಅದರಲ್ಲಿ ಪಾಲಿಲ್ಲ. ‘ಮಸ್ಟ್ ಡಿಸ್ಕಸ್ ಅಬೌಟ್’ ತಪ್ಪಾಗುವುದು ಡಿಸ್ಕಸ್‌ಗೆ ಅಬೌಟ್ ಬೇಡವಾದ್ದರಿಂದ. ‘ಮಸ್ಟ್ ರೀಚ್ ಟು ಯಾದಗಿರಿ’ಯಲ್ಲಿ ಟು ದಂಡ. ಉಲ್ಟಾ ತಪ್ಪೂ ಉಂಟು. ‘ದೂರನ್ನು ಪರಿಶೀಲಿಸಬೇಕು’ ಎಂಬುದನ್ನು ‘ದ ಕಂಪ್ಲೇಂಟ್ ಮಸ್ಟ್ ಬಿ ಲುಕ್ಡ್’ ಎಂದು ನಿಲ್ಲಿಸುತ್ತಾರೆ. ಕೊನೆಯ ಇನ್‌ಟು ಬಿಟ್ಟರೆ ವಾಕ್ಯ ಅರ್ಧಕ್ಕೇ ನಿಂತಂತೆ: ‘ಮಸ್ಟ್ ಬಿ ಲುಕ್ಡ್ ಇನ್‌ಟು’.

ಕಚೇರಿ ಪತ್ರಗಳಲ್ಲಿ ನಿಜವಾದ ನಷ್ಟ ಮಾಡುವುದು ಬೈ ಮತ್ತು ಅಂಟಿಲ್. ಕನ್ನಡದ ‘ಒಳಗೆ’ಗೆ ಬೈ, ‘ತನಕ’ಕ್ಕೆ ಅಂಟಿಲ್. ‘ಶುಕ್ರವಾರದೊಳಗೆ ಅರ್ಜಿ ಕೊಡಬೇಕು’: ‘ಯು ಮಸ್ಟ್ ಸಬ್ಮಿಟ್ ದ ಫಾರ್ಮ್ ಬೈ ಫ್ರೈಡೇ’. ‘ಶುಕ್ರವಾರದ ತನಕ ಇರಬಹುದು’: ‘ಯು ಕ್ಯಾನ್ ಸ್ಟೇ ಅಂಟಿಲ್ ಫ್ರೈಡೇ’. ಕನ್ನಡದಲ್ಲಿ ಈ ವ್ಯತ್ಯಾಸವನ್ನು ಯಾರೂ ತಪ್ಪುವುದಿಲ್ಲ. ಆದ್ದರಿಂದ ಮೊದಲು ಕನ್ನಡದಲ್ಲಿ ಹೇಳಿನೋಡಿ, ಆಮೇಲೆ ಬರೆಯಿರಿ.

‘ಇಲ್ಲಿ ಗಾಡಿ ನಿಲ್ಲಿಸ್ಲಿಕ್ಕೆ ಬರಂಗಿಲ್ಲ’ ಎಂಬ ನಮ್ಮ ಕಡೆಯ ಮಾತಿಗೂ ಎಚ್ಚರ ಬೇಕು. ನಿಷೇಧವಾದರೆ ‘ಮಸ್ಟ್ ನಾಟ್ ಪಾರ್ಕ್’, ಜಾಗವೇ ಸಾಲದಿದ್ದರೆ ‘ಕಾಂಟ್ ಪಾರ್ಕ್’. ‘ನಿಲ್ಲಿಸಬೇಕಾಗಿಲ್ಲ’ ಎಂಬುದು ಇವೆರಡೂ ಅಲ್ಲ. ಅದು ‘ಡೋಂಟ್ ಹ್ಯಾವ್ ಟು ಪಾರ್ಕ್’.

ಅಭ್ಯಾಸಕ್ಕೆ ದಿನಕ್ಕೆ 10 ಕನ್ನಡ ವಾಕ್ಯ ಸಾಕು. ಕ್ರಿಯಾಪದದ ಬಾಲಕ್ಕೆ ಗೆರೆ ಎಳೆದು ಬಿಡಿಸಿ, ಆ ಬಾಲವನ್ನು ಇಂಗ್ಲಿಷ್ ವಾಕ್ಯದಲ್ಲಿ ಕರ್ತೃವಿನ ಪಕ್ಕಕ್ಕೆ ತನ್ನಿ, ಅದರ ನಂತರ ಒಂದು ಖಾಲಿ ಚೌಕ ಬಿಡಿ, ಕ್ರಿಯಾಪದ ಬರೆಯಿರಿ. ಚೌಕ ಪ್ರತಿ ವಾಕ್ಯದಲ್ಲೂ ತುಂಬಬೇಕಾಗಿಲ್ಲ.