ಕ್ಯಾನ್ಸರ್ ಗೆದ್ದು ಬಂದವರಿಗೆ ಮತ್ತೆ ಎಂಥ ತರಬೇತಿ?

ನಾನು ಮಾಡುವ ಕೆಲಸ ಹೇಳಿದ ಕೂಡಲೇ ಜನ ಕೇಳುವುದು ಇದನ್ನೇ. ಆಸ್ಪತ್ರೆಗಳಲ್ಲಿ, ಸಂಶೋಧನೆಯ ಸಭೆಗಳಲ್ಲಿ, ಸರ್ಕಾರದ ಸಮಿತಿಗಳಲ್ಲಿ ರೋಗಿಗಳ ಪರವಾಗಿ ಮಾತಾಡುವವರನ್ನು ನಾವು ತಯಾರು ಮಾಡುತ್ತೇವೆ. ಪೇಶೆಂಟ್ ಅಡ್ವೊಕೇಟ್ ಅನ್ನುತ್ತಾರೆ ಅವರಿಗೆ. "ಅನುಭವಿಸಿದವರಿಗಿಂತ ಜಾಸ್ತಿ ಯಾರಿಗೆ ಗೊತ್ತಿರುತ್ತೆ? ಅವರಿಗೇ ಪಾಠ ಮಾಡ್ತೀರಾ?"

ಒಂದು ಕಾಲದಲ್ಲಿ ನಾನೂ ಹೀಗೇ ಕೇಳುತ್ತಿದ್ದೆ. ನನ್ನ ಚಿಕಿತ್ಸೆ ಮುಗಿದ ಮರುವರ್ಷ ಒಂದು ಸಂಶೋಧನೆಯ ಸಭೆಗೆ ಕರೆದರು. ಹೋದೆ, ನನ್ನ ಕಥೆ ಹೇಳಿದೆ. ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು. ಒಬ್ಬರಂತೂ ಕಣ್ಣು ಒರೆಸಿಕೊಂಡರು. ಆಮೇಲೆ ಪ್ರೊಜೆಕ್ಟರ್ ಹಾಕಿ, ಹೊಸ ಚಿಕಿತ್ಸೆಯನ್ನು ಹಳೆಯದರ ಜೊತೆ ಹೋಲಿಸಿ ರೋಗಿಗಳಲ್ಲಿ ಪರೀಕ್ಷಿಸುವ ಟ್ರಯಲ್‌ನ ವಿಷಯಕ್ಕೆ ಬಂದರು. ಮುಂದಿನ ಎರಡು ಗಂಟೆ ನಾನು ನೀರಿನ ಬಾಟಲಿಯ ಮೇಲಿನ ಅಕ್ಷರ ಓದುತ್ತಾ ಕೂತೆ. ನನ್ನ ಕಥೆಯಿಂದ ಅವರ ಕಾಗದದಲ್ಲಿ ಒಂದು ಸಾಲೂ ಬದಲಾಗಲಿಲ್ಲ.

ಇಷ್ಟೇ ಆಗಿದ್ದರೆ ಬೇಸರದ ಮಾತು ಮಾತ್ರ. ತಿಳಿಯದೆ ಹೋರಾಡಿದರೆ ಅಪಾಯವೂ ಇದೆ. 1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದದ್ದು ನೋಡಿ. ಸ್ತನ ಕ್ಯಾನ್ಸರಿಗೆ ಭಾರೀ ಡೋಸ್ ಕೀಮೋ ಕೊಟ್ಟು, ಅದರಿಂದ ಹಾಳಾಗುವ ಮೂಳೆ ಮಜ್ಜೆಗೆ ಬದಲಾಗಿ ರೋಗಿಯಿಂದಲೇ ಮೊದಲು ತೆಗೆದಿಟ್ಟ ಮಜ್ಜೆಯನ್ನು ವಾಪಸ್ ಹಾಕುವ ಚಿಕಿತ್ಸೆ ಬಂದಿತ್ತು. ಸ್ವಲ್ಪ ಔಷಧಿಗೆ ಗಡ್ಡೆ ಸ್ವಲ್ಪ ಕರಗಿದರೆ, ಜಾಸ್ತಿ ಔಷಧಿಗೆ ಜಾಸ್ತಿ ಕರಗಬೇಕು, ಅಲ್ವಾ? ಎಲ್ಲರಿಗೂ ಹಾಗೇ ಅನ್ನಿಸಿತು. ವಿಮಾ ಕಂಪನಿಗಳು "ಇದಿನ್ನೂ ಪ್ರಯೋಗ" ಎಂದು ದುಡ್ಡು ಕೊಡಲು ಒಪ್ಪಲಿಲ್ಲ. ರೋಗಿಗಳು ಕೋರ್ಟಿಗೆ ಹೋದರು. 1993ರಲ್ಲಿ ಒಂದು ಕೇಸಿನಲ್ಲಿ ಜ್ಯೂರಿ 8.9 ಕೋಟಿ ಡಾಲರ್ ಪರಿಹಾರ ಕೊಡಿ ಎಂದಿತು. ಇದಕ್ಕೆ ವಿಮೆಯ ದುಡ್ಡು ಕೊಡಲೇಬೇಕೆಂದು ಕೆಲವು ರಾಜ್ಯಗಳು ಕಾನೂನನ್ನೇ ಮಾಡಿದವು. ಸಾವಿರಾರು ಹೆಂಗಸರು ಈ ಚಿಕಿತ್ಸೆ ತೆಗೆದುಕೊಂಡರು. ಹೊರಗೇ ಸಿಗುತ್ತಿದ್ದಾಗ ಟ್ರಯಲ್‌ಗೆ ಸೇರುವವರು ಯಾರು? ಉತ್ತರ ಸಿಗುವುದಕ್ಕೇ ವರ್ಷಗಳು ಹಿಡಿದವು. 1999ರಲ್ಲಿ ಐದು ಟ್ರಯಲ್‌ಗಳ ಫಲಿತಾಂಶ ಒಟ್ಟಿಗೆ ಬಂತು. ನಾಲ್ಕರಲ್ಲಿ ಈ ಚಿಕಿತ್ಸೆ ತೆಗೆದುಕೊಂಡವರು ಮಾಮೂಲಿ ಕೀಮೋ ತೆಗೆದುಕೊಂಡವರಿಗಿಂತ ಒಟ್ಟಾರೆ ಹೆಚ್ಚು ಕಾಲ ಬದುಕಿರಲಿಲ್ಲ. ಒಳ್ಳೆಯ ಸುದ್ದಿ ತಂದ ಐದನೆಯದು, ದಕ್ಷಿಣ ಆಫ್ರಿಕಾದ್ದು, ಸುಳ್ಳು ಲೆಕ್ಕ ಎಂದು 2000ದಲ್ಲಿ ಗೊತ್ತಾಯಿತು.

ಆ ಹೆಂಗಸರ ಸಿಟ್ಟು ತಪ್ಪಲ್ಲ. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಕೋರ್ಟಿಗೆ ಹೋಗುತ್ತಿದ್ದೆ. ಆದರೆ "ಈ ಚಿಕಿತ್ಸೆ ತೆಗೆದುಕೊಳ್ಳದ, ಇದೇ ಸ್ಥಿತಿಯಲ್ಲಿರುವ ರೋಗಿಗಳು ಎಷ್ಟು ಕಾಲ ಬದುಕಿದರು?" ಎಂಬ ಒಂದು ಪ್ರಶ್ನೆ ಇನ್ನೂ ಬೇಗ, ಇನ್ನೂ ಜೋರಾಗಿ ಕೇಳಬೇಕಿತ್ತು. ನಾವು ಮೊದಲ ದಿನ ಕಲಿಸುವುದು ಈ ಪ್ರಶ್ನೆಯನ್ನೇ.

ಎರಡನೆಯ ದಿನ ಲೆಕ್ಕ. "ಕಾಯಿಲೆ ಮರುಕಳಿಸುವ ಅಪಾಯ ಅರ್ಧಕ್ಕೆ ಇಳಿಯಿತು" ಎಂದು ಬರೆದಿರುತ್ತಾರೆ. ನೂರು ಜನರಲ್ಲಿ ನಾಲ್ವರಿಗೆ ಬರುತ್ತಿದ್ದದ್ದು ಇಬ್ಬರಿಗೆ ಬಂದರೂ ಅರ್ಧ, ನಲವತ್ತು ಜನಕ್ಕೆ ಬರುತ್ತಿದ್ದದ್ದು ಇಪ್ಪತ್ತಕ್ಕೆ ಇಳಿದರೂ ಅರ್ಧ. ಹಾಗೆಯೇ, ಗಡ್ಡೆ ಬೆಳೆಯದೆ ನಿಂತ ತಿಂಗಳುಗಳು ಬೇರೆ, ಮನುಷ್ಯ ಬದುಕಿದ ತಿಂಗಳುಗಳು ಬೇರೆ. ಇದು ತಿಳಿದ ಮೇಲೆ ಕೆಲವರಿಗೆ ತಮ್ಮದೇ ಹಳೆಯ ಫೈಲ್ ತೆಗೆದು ನೋಡುವ ಆಸೆ ಆಗುತ್ತದೆ. ಕೆಲವರು ಅತ್ತಿದ್ದೂ ಇದೆ. ಅದಕ್ಕೇ ಆ ದಿನ ಬೇಗ ಬಿಡುತ್ತೇವೆ.

ಇದೇನೂ ಹೊಸ ಯೋಚನೆ ಅಲ್ಲ. ಅಮೆರಿಕದ ನ್ಯಾಷನಲ್ ಬ್ರೆಸ್ಟ್ ಕ್ಯಾನ್ಸರ್ ಕೊಅಲಿಷನ್ 1995ರಿಂದಲೇ ರೋಗಿಗಳಿಗೆ ವಿಜ್ಞಾನ ಕಲಿಸುತ್ತಿದೆ. ಯುರೋಪಿನಲ್ಲಿ 2012ರಲ್ಲಿ ಶುರುವಾದ, ರೋಗಿಗಳಿಗೆ ಇಂಥದೇ ತರಬೇತಿ ಕೊಡುವ ಯುಪಾಟಿ ಇದೆ. ಅಮೆರಿಕದ ರಕ್ಷಣಾ ಇಲಾಖೆಯ ಸ್ತನ ಕ್ಯಾನ್ಸರ್ ಸಂಶೋಧನಾ ಯೋಜನೆಯಲ್ಲಿ (ಹೌದು, ರಕ್ಷಣಾ ಇಲಾಖೆಯೇ!) ಯಾವ ಸಂಶೋಧನೆಗೆ ದುಡ್ಡು ಕೊಡಬೇಕು ಎಂದು ನೋಡುವ ಸಮಿತಿಯಲ್ಲಿ ರೋಗಿಗಳೂ ಕೂರುತ್ತಾರೆ, ವಿಜ್ಞಾನಿಗಳಂತೆ ಅವರಿಗೂ ಮತ ಇದೆ.

ಇನ್ನೊಂದು ಆಕ್ಷೇಪ ಇದೆ. ಹೀಗೆ ಕಲಿಸಿದರೆ ರೋಗಿಗಳು ಅರ್ಧ ಡಾಕ್ಟರ್ ಆಗಿಬಿಡುವುದಿಲ್ಲವೇ? ಆಗುತ್ತಾರೆ, ಸುಳ್ಳು ಹೇಳುವುದಿಲ್ಲ. ನಾಲ್ಕು ದೊಡ್ಡ ಪದ ಕಲಿತು, ತಮ್ಮ ಸುಸ್ತು, ವಾಂತಿ, ಉರಿಯುವ ಅಂಗಾಲು ಎಲ್ಲ ಮರೆತು, ಸಂಶೋಧಕರ ಥರವೇ ಮಾತಾಡುವವರನ್ನು ನೋಡಿದ್ದೇನೆ. ಅವರಿಂದ ಪ್ರಯೋಜನ ಕಡಿಮೆ. ವಿಜ್ಞಾನವೂ ಬರಬೇಕು, ಅಂಗಾಲೂ ನೆನಪಿರಬೇಕು.

ಡೋಸ್ ವಿಷಯವನ್ನೇ ತಗೊಳ್ಳಿ. ಕ್ಯಾನ್ಸರ್ ಔಷಧಿಗಳಲ್ಲಿ ದೇಹ ತಡೆಯುವಷ್ಟು ಹೆಚ್ಚಿನ ಡೋಸ್ ಹುಡುಕುವುದು ಹಳೆಯ ಪದ್ಧತಿ. ಕೆಲವೇ ತಿಂಗಳು ಕೊಡುವ ಕೀಮೋಗೆ ಅದು ಸರಿ ಇದ್ದಿರಬಹುದು. ವರ್ಷಗಟ್ಟಲೆ ದಿನಾ ನುಂಗುವ ಮಾತ್ರೆಗೂ ಅದೇನಾ? ಸ್ಟೇಜ್ 4, ಅಂದರೆ ದೇಹದ ಬೇರೆ ಭಾಗಗಳಿಗೂ ಹರಡಿದ ಸ್ತನ ಕ್ಯಾನ್ಸರ್ ಇದ್ದವರೇ 2019ರಲ್ಲಿ ಗುಂಪು ಕಟ್ಟಿ ಈ ಪ್ರಶ್ನೆ ಎತ್ತಿದರು. ಸುಮ್ನೆ ದೂರಲಿಲ್ಲ, ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಕೇಳಿ ಅಂಕಿ ತಂದರು. 2021ರಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆಯಾದ ಎಫ್‌ಡಿಎ ಕೂಡ ಡೋಸ್ ಆರಿಸುವ ಕ್ರಮ ಸುಧಾರಿಸಲು ಪ್ರಾಜೆಕ್ಟ್ ಆಪ್ಟಿಮಸ್ ಶುರು ಮಾಡಿತು.

ಅಂದ ಹಾಗೆ, ಈ ಸಭೆಗಳಿಗೆ ಬರುವ ಉಳಿದವರಿಗೆಲ್ಲ ಸಂಬಳ ಇರುತ್ತದೆ. ನಮಗೆ ಎಷ್ಟೋ ಸಲ ಒಂದು ಥ್ಯಾಂಕ್ಯೂ ಕಾರ್ಡ್. ಅದರ ಬಗ್ಗೆ ಕೇಳುವುದನ್ನೂ ಕಲಿಸುತ್ತೇವೆ.

ನಮ್ಮಲ್ಲಿ ಕಲಿತ ಒಬ್ಬಾಕೆ ಈಚೆಗೆ ಒಂದು ಟ್ರಯಲ್‌ನ ಸಭೆಗೆ ಹೋಗಿದ್ದರು. ಮೊದಲ ಎರಡು ತಿಂಗಳಲ್ಲೇ ಹನ್ನೊಂದು ಸಲ ಆಸ್ಪತ್ರೆಗೆ ಬರಬೇಕೆಂದು ಅದರಲ್ಲಿತ್ತು. ಆಕೆ ಕೇಳಿದ್ದು ಇಷ್ಟೇ: "ಇವುಗಳಲ್ಲಿ ಯಾವ ಯಾವ ದಿನದ ರಕ್ತ ಪರೀಕ್ಷೆ ರೋಗಿಯ ಸುರಕ್ಷತೆಗೆ ಬೇಕು, ಯಾವುದು ನಿಮ್ಮ ಕೊನೆಯ ಲೆಕ್ಕಕ್ಕೆ ಬೇಕು?" ಅವರು ಹಾಳೆ ತಿರುವಿ ನೋಡಿದರು. ಮೂರು ಭೇಟಿಗಳು ಎರಡಕ್ಕೂ ಬೇಕಿರಲಿಲ್ಲ. ಹಳೆಯ ಯಾವುದೋ ಟ್ರಯಲ್‌ನಿಂದ ಹಾಗೇ ಎತ್ತಿ ಬರೆದದ್ದಂತೆ. ಅಲ್ಲೇ ತೆಗೆದರು. ಆಕೆಗೆ ಯಾವ ಕ್ಯಾನ್ಸರ್ ಬಂದಿತ್ತು ಎಂದು ಅವತ್ತು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.