ಅಕ್ಟೋಬರ್‌ನಲ್ಲಿ ಸರಿಯಿದ್ದ ಮಾಡೆಲ್, ಜನವರಿಯಲ್ಲಿ ತಣ್ಣಗಾದ ಮನೆಗಳು

ಹೋದ ಜನವರಿಯ ಒಂದು ಬೆಳಿಗ್ಗೆ 10:50. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಅಂಗಳದಲ್ಲಿ, ಅಡಿಕೆ ಸುಲಿಯುವವರ ಮಧ್ಯೆ, ಲ್ಯಾಪ್‌ಟಾಪ್ ಹಿಡಿದು ಸಿಗ್ನಲ್ ಹುಡುಕುತ್ತಾ ನಿಂತಿದ್ದೆ. ಕರೆಂಟ್ ಹೋಗಿತ್ತು, ಒಳಗೆ ಯುಪಿಎಸ್ ಬಡಿದುಕೊಳ್ಳುತ್ತಿತ್ತು. ಅದೇ ಹೊತ್ತಿಗೆ ಡೆನ್ಮಾರ್ಕಿನ ಒಂದು ಸಣ್ಣ ಊರಿನಲ್ಲಿ ಬೆಳಗಿನ 6:20. ಜನ ಎದ್ದು ಸ್ನಾನಕ್ಕೆ ಹೊರಟಿದ್ದರು, ಊರಿನ ಒಂದು ಮೂಲೆಯ ಮನೆಗಳಲ್ಲಿ ನಲ್ಲಿ ನೀರು ಉಗುರು ಬೆಚ್ಚಗೂ ಬರುತ್ತಿರಲಿಲ್ಲ. ಕಾರಣ ನಾನು.

ನನ್ನ ಕೆಲಸ ಏನು ಅಂತ ಅಮ್ಮನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಹಂಡೆ ನೀರು ಕಾಯಿಸೋಕೆ ಕಂಪ್ಯೂಟರ್ ಎಂತಕೋ?" ತಪ್ಪೇನಿಲ್ಲ ಬಿಡಿ. ಊರಿಗೆಲ್ಲ ಸೇರಿ ಒಂದೇ ದೊಡ್ಡ ಬಚ್ಚಲೊಲೆ, ಅಲ್ಲಿಂದ ನೆಲದಡಿ ಪೈಪಲ್ಲಿ ಮನೆಮನೆಗೆ ಬಿಸಿನೀರು, ಶಾಖ ಬಿಟ್ಟುಕೊಟ್ಟ ನೀರು ಇನ್ನೊಂದು ಪೈಪಲ್ಲಿ ವಾಪಸ್. 1973ರ ಎಣ್ಣೆ ಬಿಕ್ಕಟ್ಟಿನಲ್ಲಿ ಪೆಟ್ಟು ತಿಂದ ಮೇಲೆ ಡೆನ್ಮಾರ್ಕ್ 1979ರಲ್ಲಿ ಇದಕ್ಕೊಂದು ಕಾಯ್ದೆಯನ್ನೇ ಮಾಡಿತು. ಈಗ ಅಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಮನೆ ಬಿಸಿಯಾಗುವುದು ಹೀಗೇ. ನಾವು ಬೆಂಗಳೂರಿನ ಆಫೀಸಿನವರು, ನಾನು ಮನೆಯಿಂದ, ಆ ಜಾಲದ ಡಿಜಿಟಲ್ ಟ್ವಿನ್ ಕಟ್ಟುತ್ತೇವೆ. ಸ್ಕಾಡಾ (ಪ್ಲಾಂಟನ್ನು ದೂರದಿಂದ ನೋಡಿಕೊಳ್ಳುವ ಕಂಪ್ಯೂಟರ್ ವ್ಯವಸ್ಥೆ) ಮತ್ತು ಮೀಟರ್ ಡೇಟಾ ತಿಂದು, ಎಲ್ಲಿ ಎಷ್ಟು ಡಿಗ್ರಿ, ಎಷ್ಟು ಬಾರ್ ಒತ್ತಡ ಅಂತ ಲೆಕ್ಕ ಹಾಕುವ ಮಾಡೆಲ್.

ಗುರಿ ಸರಳ: ಸಪ್ಲೈ ಟೆಂಪರೇಚರ್, ಅಂದರೆ ಪ್ಲಾಂಟಿನಿಂದ ಹೊರಡುವ ನೀರಿನ ಬಿಸಿ, ಇಳಿಸುವುದು. ಇಳಿದಷ್ಟೂ ದಾರಿಯಲ್ಲಿ ಸೋರುವ ಶಾಖ ಕಮ್ಮಿ, ನೀರು ಕಾಯಿಸುವ ಹೀಟ್ ಪಂಪ್ ಕುಡಿಯುವ ಕರೆಂಟೂ ಕಮ್ಮಿ. 75 ಡಿಗ್ರಿಯಿಂದ 71ಕ್ಕೆ ಇಳಿಸಬಹುದು ಅಂತ ಟ್ವಿನ್ ಹೇಳಿತು. ಟ್ವಿನ್ ಅಂದರೆ ಇಲ್ಲಿ ನಾನೇ, ಕ್ಯಾಲಿಬ್ರೇಶನ್, ಅಂದರೆ ನಿಜದ ಅಳತೆಗೆ ಮಾಡೆಲ್ ಹೊಂದಿಸುವುದು, ಮಾಡಿದ್ದು ನಾನು.

ಆ ಕ್ಯಾಲಿಬ್ರೇಶನ್ ಕಥೆ ಕೇಳಿ. ಅಕ್ಟೋಬರ್ ಡೇಟಾದಲ್ಲಿ ಊರಿನ ಪೂರ್ವದ ತುದಿಯೊಂದು ಕೈಗೇ ಸಿಗುತ್ತಿರಲಿಲ್ಲ. ಅಳತೆಯ ಟೆಂಪರೇಚರ್ ಯಾವಾಗಲೂ ಮಾಡೆಲ್‌ಗಿಂತ 3 ಡಿಗ್ರಿ ಕೆಳಗೆ. ಹಳೇ ಪೈಪ್, ಇನ್ಸುಲೇಶನ್ ಒದ್ದೆಯಾಗಿರುತ್ತದೆ ಅಂತ ನಾನೇ ತೀರ್ಮಾನಿಸಿ ಆ ಲೈನಿನ ಯು-ವ್ಯಾಲ್ಯೂ, ಅಂದರೆ ಪೈಪಿನಿಂದ ಶಾಖ ಸೋರುವ ಲೆಕ್ಕ, ಹೆಚ್ಚೂಕಮ್ಮಿ ಎರಡು ಪಟ್ಟು ಮಾಡಿದೆ. ಗೆರೆ ಗೆರೆಗೆ ಕೂತಿತು. ಬೆಳಿಗ್ಗೆ ಪ್ಲಾಂಟಿನಲ್ಲಿ ಟೆಂಪರೇಚರ್ ಏರಿಸಿದರೆ ಆ ಏರಿಕೆ ತುದಿ ಮುಟ್ಟುವುದು ಮಾಡೆಲ್‌ಗಿಂತ 40 ನಿಮಿಷ ತಡವಾಗಿ. ಅದನ್ನೂ ನೋಡಿದ್ದೆ. "ಮೀಟರ್ ಟೈಮ್‌ಸ್ಟ್ಯಾಂಪ್ ಗಲಾಟೆ ಇರಬೇಕು" ಅಂತ ಟಿಕೆಟ್‌ನಲ್ಲಿ ಬರೆದು ಮುಚ್ಚಿಬಿಟ್ಟೆ. ಡೆಲ್ಟಾ ಪಿ (ಹೋಗುವ ಮತ್ತು ಬರುವ ಪೈಪಿನ ಒತ್ತಡದ ವ್ಯತ್ಯಾಸ) ಕೂಡ 0.05 ಬಾರ್ ಕಮ್ಮಿ ತೋರಿಸುತ್ತಿತ್ತು. ಅಷ್ಟು ಸೆನ್ಸರಿನ ನಾಯ್ಸ್ ಅಲ್ವಾ? ಸ್ಲೈಡಿನಲ್ಲಿ ಎರರ್ ಶೇಕಡಾವಾರು ಹಸಿರಾಗಿದ್ದರೆ ನಮ್ಮ ಮ್ಯಾನೇಜರಿಗೆ ಬೇರೆ ಏನೂ ಬೇಡ. ಅವತ್ತು ನನಗೂ ಬೇಕಿರಲಿಲ್ಲ, ಸುಮ್ನೆ ಅವರ ಮೇಲೆ ಹಾಕೋದ್ಯಾಕೆ.

ಹಿಂದಿನ ರಾತ್ರಿ ನಮ್ಮ 10:30ಕ್ಕೆ ಸೆಟ್ ಪಾಯಿಂಟ್, ಅಂದರೆ ಪ್ಲಾಂಟ್ ಹಿಡಿಯಬೇಕಾದ ಟೆಂಪರೇಚರ್, ಇಳಿಸಿ ಮಲಗಿದೆ. ನೀರು 4 ಡಿಗ್ರಿ ತಣ್ಣಗಾದರೆ ಅದೇ ಶಾಖಕ್ಕೆ ಜಾಸ್ತಿ ನೀರು ಬೇಕು. ವಾಪಸ್ ಬರುವ ನೀರು 40 ಡಿಗ್ರಿ ಅಂತಿಟ್ಟುಕೊಂಡರೆ ಫ್ಲೋ ಶೇ. 13 ಹೆಚ್ಚು, ಒತ್ತಡದ ನಷ್ಟ ಶೇ. 27 ಹೆಚ್ಚು. ಇದೆಲ್ಲ ಮಾಡೆಲ್‌ನಲ್ಲೇ ಇತ್ತು, ತುದಿಯಲ್ಲಿ 0.7 ಬಾರ್ ಉಳಿಯುತ್ತದೆ ಅಂತಲೂ ಇತ್ತು. ಬೆಳಿಗ್ಗೆ ನೋಡಿದರೆ 0.25, ಮನೆಗಳೊಳಗೆ ಸಾಕಷ್ಟು ಬಿಸಿನೀರು ನೂಕಲು ಅದು ಸಾಲದು.

ಅಂಗಳದ ಮೂಲೆಯ ಹಲಸಿನ ಮರದ ಬುಡದಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಕ್ಕಿತು. ಕಾಲ್‌ನಲ್ಲಿ ಆರು ಜನ. ನಾನು ಹೇಳಿದ ಮೊದಲ ಮಾತು, "ಈಗಲೇ ಸೆಟ್ ಪಾಯಿಂಟ್ ವಾಪಸ್ 75ಕ್ಕೆ ಏರಿಸಿ." ಅಲ್ಲಿನ ಕಂಟ್ರೋಲ್ ರೂಮಿನ ಹಿರಿಯ ಆಪರೇಟರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆತ್ತಗೆ, "ಏರಿಸಿದರೆ ಅದು ಎಷ್ಟು ಹೊತ್ತಿಗೆ ತಲುಪುತ್ತದೆ?" ಅಂತ ಕೇಳಿದರು. ನನ್ನ ಬಾಯಿ ಕಟ್ಟಿತು. ತುದಿ 4 ಕಿ.ಮೀ. ದೂರ, ನೀರು ಹರಿಯುವುದು ಸೆಕೆಂಡಿಗೆ ಅರ್ಧ ಮೀಟರ್, ಅಂದರೆ ಎರಡು ಗಂಟೆಯ ಮೇಲೆ. ಅಷ್ಟು ಹೊತ್ತಿಗೆ ಅಲ್ಲಿನವರು ತಣ್ಣೀರು ಸ್ನಾನ ಮಾಡಿ ಆಫೀಸಿಗೆ ಹೋಗಿರುತ್ತಾರೆ. ಶಾಖ ನೀರಿನ ಜೊತೆ ನಡೆದುಕೊಂಡು ಬರುತ್ತದೆ, ಒತ್ತಡ ತಕ್ಷಣ ತಲುಪುತ್ತದೆ. ಮೂರು ವರ್ಷದಿಂದ ಇದೇ ಕೆಲಸ ಮಾಡುವ ನನಗೆ ಆ ಗಳಿಗೆಯಲ್ಲಿ ಅದು ಹೊಳೆಯಲಿಲ್ಲ. ಅವರು ನನ್ನ ಉತ್ತರಕ್ಕೂ ಕಾಯದೆ ಪಂಪ್ ಹೆಡ್, ಅಂದರೆ ಪಂಪ್ ನೂಕುವ ಒತ್ತಡ, ಏರಿಸಿದರು. 0.25, 0.31, 0.38. ಹಿಂದಿನಿಂದ ಅಮ್ಮ "ತಿಂಡಿ ಆರ್ತದೆ ಮಾರಾಯ" ಅಂತ ಕೂಗುತ್ತಿದ್ದಳು, ನಾನು ಮ್ಯೂಟ್ ಮಾಡುವುದನ್ನು ಮರೆತಿದ್ದೆ.

0.5 ದಾಟಿದ ಮೇಲೆ ಆಪರೇಟರ್ ಕೇಳಿದರು, "ಶಾಲೆ ಹತ್ತಿರದ ಸೆಕ್ಷನ್ ವಾಲ್ವ್ ನಿಮ್ಮ ಮ್ಯಾಪ್‌ನಲ್ಲಿ ಹೇಗಿದೆ?" ಜಿಐಎಸ್‌ನಲ್ಲಿ, ಅಂದರೆ ಪೈಪ್ ಜಾಲದ ಡಿಜಿಟಲ್ ಮ್ಯಾಪ್‌ನಲ್ಲಿ, ತೆರೆದಿದೆ ಅಂದೆ. "ಬೇಸಿಗೆಯಲ್ಲಿ ಅಲ್ಲಿ ರಿಪೇರಿ ನಡೆದಿತ್ತು" ಅಂದರು, ಅಷ್ಟೇ.

ಮಧ್ಯಾಹ್ನ ಅಲ್ಲಿನವರು ಹೋಗಿ ನೋಡಿದರೆ ವಾಲ್ವ್ ಮುಚ್ಚೇ ಇತ್ತು. ಎರಡು ದಾರಿಯಲ್ಲಿ ಹೋಗಬೇಕಾದ ನೀರು ಒಂದೇ ದಾರಿಯಲ್ಲಿ, ಅದೂ ಸುತ್ತು ದಾರಿಯಲ್ಲಿ ಹೋಗುತ್ತಿತ್ತು. ಅದಕ್ಕೇ 40 ನಿಮಿಷ ತಡ, ಅದಕ್ಕೇ 3 ಡಿಗ್ರಿ ಕಮ್ಮಿ. ನಾಯ್ಸ್ ಅಂದುಕೊಂಡ 0.05 ಬಾರ್ ಕೂಡ ಅದೇ. ಜನವರಿಯಲ್ಲಿ ಫ್ಲೋ ಅಕ್ಟೋಬರ್‌ನ ಮೂರು ಪಟ್ಟು, ಒತ್ತಡದ ನಷ್ಟ ಫ್ಲೋನ ವರ್ಗದಷ್ಟು ಏರುವುದರಿಂದ ಒಂಬತ್ತು ಪಟ್ಟು. 0.05 ಇದ್ದದ್ದು 0.45 ಆಯಿತು. 0.7ರಲ್ಲಿ ಅದನ್ನು ಕಳೆದರೆ 0.25. ಇಷ್ಟು ಚೆಂದದ ಲೆಕ್ಕ ನನ್ನ ಜೀವನದಲ್ಲಿ ಇನ್ನೊಂದು ಕೂಡಿ ಬಂದಿಲ್ಲ, ಬಂದದ್ದೂ ಇಂಥ ಹೊತ್ತಲ್ಲಿ.

ಉರಿಯುವುದು ಏನೆಂದರೆ, ನಮ್ಮದೇ ತೋಟದಲ್ಲಿ ಕೊನೆಯ ಸ್ಪ್ರಿಂಕ್ಲರ್ ತಿರುಗದಿದ್ದರೆ ಅಪ್ಪ "ಪೈಪ್ ಹಳೇದಾಯ್ತು" ಅನ್ನುವುದಿಲ್ಲ. "ಗೇಟ್‌ವಾಲ್ ನೋಡ್ಕಂಡು ಬಾ" ಅನ್ನುತ್ತಾರೆ. ಚಿಕ್ಕಂದಿನಿಂದ ಎಷ್ಟು ಸಲ ಓಡಿದ್ದೇನೋ. ಸ್ಕ್ರೀನ್ ಮುಂದೆ ಕೂತರೆ ಓಡುವ ಬುದ್ಧಿ ಬರುವುದಿಲ್ಲ, ಸ್ಲೈಡರ್ ಎಳೆಯುವ ಬುದ್ಧಿ ಬರುತ್ತದೆ. ನಮ್ಮ ಟೂಲ್ ಕೂಡ ಹಾಗೇ, ಆಟೋ ಕ್ಯಾಲಿಬ್ರೇಟ್ ಒತ್ತಿದರೆ ಯು-ವ್ಯಾಲ್ಯೂ ಎಲ್ಲಿಗೆ ಬೇಕಾದರೂ ಹೋಗಲಿ, ಒಂದು ಕೆಂಪು ಗೆರೆಯೂ ಬರುವುದಿಲ್ಲ. ಮಿತಿ ಹಾಕಿ ಅಂತ ಎರಡು ಸಲ ಟಿಕೆಟ್ ಹಾಕಿದ್ದೇನೆ, ಬ್ಯಾಕ್‌ಲಾಗ್‌ನಲ್ಲಿ ಇದೆಯಂತೆ. ಅಲ್ಲಿವರೆಗೆ ಯಾವುದಾದರೂ ಲೈನಿನ ಶಾಖ ನಷ್ಟವನ್ನು ಒಂದೂವರೆ ಪಟ್ಟಿಗಿಂತ ಜಾಸ್ತಿ ಮಾಡಬೇಕಾಗಿ ಬಂದರೆ ನಾನು ಮೊದಲು ಆ ಆಪರೇಟರಿಗೇ ಮೆಸೇಜ್ ಹಾಕುತ್ತೇನೆ. ಚಳಿಗಾಲದ ಒಂದು ವಾರದ ಡೇಟಾ ಕೈಗೆ ಬರದೆ ಒತ್ತಡದ ವಿಷಯದಲ್ಲಿ ಬಾಯಿ ಬಿಡುವುದಿಲ್ಲ.

ವಾಲ್ವ್ ತೆರೆದ ಮರುದಿನ ಟೈಮ್‌ಸ್ಟ್ಯಾಂಪ್ ಗಲಾಟೆ ತಾನಾಗಿಯೇ ಸರಿಹೋಯಿತು. ಯು-ವ್ಯಾಲ್ಯೂ ಮೊದಲಿದ್ದಲ್ಲಿಗೆ ತಂದೆ. ಮುಂದಿನ ತಿಂಗಳ ರಿವ್ಯೂನಲ್ಲಿ ಮ್ಯಾನೇಜರ್ ಹೊಸ ಸ್ಲೈಡ್ ಹಾಕಿದ್ದರು: "ನಮ್ಮ ಡಿಜಿಟಲ್ ಟ್ವಿನ್ ಮುಚ್ಚಿಹೋಗಿದ್ದ ವಾಲ್ವ್ ಪತ್ತೆ ಹಚ್ಚಿತು." ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಲ್‌ನಲ್ಲಿ ಆಪರೇಟರೂ ಇದ್ದರು, ಏನೂ ಹೇಳಲಿಲ್ಲ. ನಾನು ಈ ಸಲ ಮ್ಯೂಟ್ ಮಾಡುವುದನ್ನು ಮರೆತಿರಲಿಲ್ಲ.