ಸೆಟ್‌ಬ್ಯಾಕ್ ಅಂದರೆ ಹಿಂದೆ ಬಿಡೋದಲ್ಲ

ಶಿರಸಿಯಲ್ಲಿ ಮನೆ ಪ್ಲ್ಯಾನ್ ಮಾಡಿಕೊಡುವ ಕೆಲಸ ನನ್ನದು. ನಕ್ಷೆ ಬರೆಯೋದಕ್ಕಿಂತ ಮಾತಿಗೇ ಜಾಸ್ತಿ ಹೊತ್ತು ಹೋಗುತ್ತದೆ. ಮೊನ್ನೆ ಒಬ್ಬರಿಗೆ ಫೋನಿನಲ್ಲಿ, "ನಿಮ್ಮ ಸೈಟಿಗೆ ಕವರೇಜ್ ಅರವತ್ತು ಪರ್ಸೆಂಟ್ ಸಿಗಬಹುದು" ಅಂದೆ. "ಅಷ್ಟೆಲ್ಲ ಎಲ್ಲಿ ಸರ್, ಒಂದು ಕಡ್ಡಿ ಬರಬೇಕಾದ್ರೂ ಗುಡ್ಡ ಹತ್ತಬೇಕು" ಅಂದರು. ನಾನು ಹೇಳಿದ್ದು ಸೈಟಿನಲ್ಲಿ ಮನೆ ಕೂರುವ ಪಾಲು, ಅವರು ಮೊಬೈಲ್ ಸಿಗ್ನಲ್ ಅಂದುಕೊಂಡರು.

ಹೀಗೆ ನಗು ಬಂದರೆ ಪುಣ್ಯ. ತಪ್ಪು ಅಲ್ಲೇ ಗೊತ್ತಾಗುತ್ತದೆ. ಎಫ್‌ಎಆರ್ ಅಂದರೆ ಜನ ಏನದು ಅಂತ ಕೇಳುತ್ತಾರೆ, ಎಲ್ಲ ಮಹಡಿ ಸೇರಿ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ ಅಂತ ಹೇಳುತ್ತೇನೆ. ಸೆಟ್‌ಬ್ಯಾಕ್ ಅಂದರೆ ಕೇಳೋದಿಲ್ಲ. ಅದರಲ್ಲಿ 'ಬ್ಯಾಕ್' ಇದೆಯಲ್ಲ, ಗೊತ್ತಿದೆ ಅನ್ನಿಸುತ್ತದೆ. ನಿಜಕ್ಕೆ ಅದು ಗೋಡೆಗೂ ಗಡಿಗೂ ನಡುವೆ ನಾಲ್ಕೂ ಕಡೆ ಬಿಡಬೇಕಾದ ಜಾಗ. ನನಗೆ ಪೆಟ್ಟು ಬಿದ್ದಿದ್ದು ಅಲ್ಲೇ.

ಅಡಿಕೆ ತೋಟದ ಹಿರಿಯರೊಬ್ಬರು ಊರ ಹೊರಗೆ ಮನೆ ಕಟ್ಟಿಸುತ್ತಿದ್ದರು. "ಸೆಟ್‌ಬ್ಯಾಕ್ ಒಂದು ಮೀಟರ್ ಬಿಡಬೇಕು" ಅಂದಿದ್ದೆ. ಅವರು ತಲೆಯಾಡಿಸಿದರು. ಲೈಸೆನ್ಸ್ ಬಂತು, ಪಾಯ ಶುರುವಾಯಿತು. ಅಡಿಕೆ ಒಣಗಿಸೋಕೆ ಅಂಗಳ ದೊಡ್ಡದಾಗಲಿ ಅಂತ ಅವರು ಮೇಸ್ತ್ರಿಗೆ ಹೇಳಿ ಇಡೀ ಮನೆಯನ್ನು ಎರಡು ಅಡಿ ಬಲಕ್ಕೆ ಸರಿಸಿದರು. ನಾನು ಹೋಗಿ ನೋಡುವಾಗ ಚಿರೇಕಲ್ಲು ಎರಡು ವರಸೆ ಎದ್ದಿತ್ತು. ಪಕ್ಕದವರ ಗಡಿಗಲ್ಲಿಗೂ ಗೋಡೆಗೂ ನಡುವೆ ಟೇಪ್ ಹಿಡಿದೆ. ಒಂದೂಕಾಲು ಅಡಿ.

"ಸೆಟ್‌ಬ್ಯಾಕ್ ಬಿಡಿ ಅಂದಿದ್ದೆನಲ್ಲ?"

"ಬಿಟ್ಟಿದ್ದೇನಲ್ಲ ತಮಾ, ಹಿಂದೆ ನೋಡು. ಒಂದಲ್ಲ, ಮೂರು ಮೀಟರ್ ಬಿಟ್ಟಿದ್ದೇನೆ."

ಅವರ ಹೆಂಡತಿ ಮಾತ್ರ ಗೋಡೆಯ ಪಕ್ಕ ನಿಂತು ಮೇಲೆ ನೋಡುತ್ತಿದ್ದರು. "ಮಾಡು ಮೂರು ಅಡಿ ಹೊರಗೆ ಬರ್ತದೆ. ಮಳೆಗಾಲದಲ್ಲಿ ಸೂರಿನ ನೀರು ಯಾರ ಅಂಗಳಕ್ಕೆ ಬೀಳ್ತದೆ?" ಅಂದರು. ನಾನು ಹೇಳಬೇಕಾಗಿದ್ದದ್ದು ಅದನ್ನೇ. ನಮ್ಮ ಮಳೆ ನೋಡಿದವರಿಗೆ ಅದಕ್ಕಿಂತ ಬೇರೆ ವಿವರಣೆ ಬೇಡ.

ಆ ಗೋಡೆ ಕಿತ್ತು ಹಾಕಿದರು. ನಾಲ್ಕು ದಿನದ ಕೂಲಿ ಹೋಯಿತು. ಅರ್ಧ ನಾನು ಕೊಟ್ಟೆ, ಅವರು ಬೇಡ ಅಂದರೂ. ಪ್ಲ್ಯಾನಿನಲ್ಲಿ ನಾಲ್ಕೂ ಕಡೆ ಅಳತೆ ಇತ್ತು, ನಿಜ. ಆದರೆ ಅದನ್ನು ಓದಬಲ್ಲವರಿಗೇ ಅದು ನಕ್ಷೆ, ಉಳಿದವರಿಗೆ ಸುಮ್ನೆ ಗೀಟು.

ಈಗ ನಕ್ಷೆಯ ಅಂಚಿನಲ್ಲೇ ಕನ್ನಡದಲ್ಲಿ ಬರೆಯುತ್ತೇನೆ: "ಗೋಡೆಯಿಂದ ಗಡಿಗಲ್ಲಿಗೆ 3 ಅಡಿ 3 ಇಂಚು. ನಾಲ್ಕೂ ಕಡೆ." ಕವರೇಜ್, ಎಫ್‌ಎಆರ್ ಎರಡನ್ನೂ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಸೈಟು ಮೂರು ಗುಂಟೆ ಅನ್ನಿ. ಗುಂಟೆಗೆ 1,089ರಂತೆ 3,267 ಚದರ ಅಡಿ. ಕವರೇಜ್ 60 ಇದ್ದರೆ ನೆಲದ ಮೇಲೆ ಮನೆ ಕೂರೋದು 1,960 ಚದರ ಅಡಿಯಲ್ಲಿ. ಎಫ್‌ಎಆರ್ 1.5 ಇದ್ದರೆ ಎಲ್ಲ ಮಹಡಿ ಸೇರಿ 4,900 ದಾಟಬಾರದು. ಅಷ್ಟೇ.

ಇನ್ನೊಂದು ಪದ ಕನ್ವರ್ಷನ್, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸೋದು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಬರುವಂಥದ್ದು. ಕಾಗದದಲ್ಲಿ ಭೂಪರಿವರ್ತನೆ, ಹುಡುಗರ ಬಾಯಲ್ಲಿ ಎನ್ಎ (ನಾನ್-ಅಗ್ರಿಕಲ್ಚರಲ್). ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಕಡೆಗಿತ್ತಲ್ಲ, ಅದಕ್ಕೆ ಹಳಬರು ಇವತ್ತಿಗೂ ಬಿನ್‌ಶೇತ್ಕಿ ಅನ್ನುತ್ತಾರೆ. ಮೂರೂ ಒಂದೇ. ಗೋಳು ಇರೋದು "ಪರ್ಮಿಷನ್ ಆಯ್ತು" ಅನ್ನುವ ಮಾತಿನಲ್ಲಿ. ಗದ್ದೆ ಸೈಟಾಯಿತು ಅಂದರೆ ಮನೆ ಕಟ್ಟಬಹುದು ಅಂತ ಅಲ್ಲ, ಲೈಸೆನ್ಸ್ ಬೇರೆ. ಯಾವ ಪರ್ಮಿಷನ್, ಯಾವುದಕ್ಕೆ ಅಂತ ನಾನು ಎರಡು ಸಲ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಆ ಹಿರಿಯರು ಕಳೆದ ತಿಂಗಳು ಅಳಿಯನನ್ನು ಕರೆದುಕೊಂಡು ಬಂದಿದ್ದರು. ಅವನಿಗೂ ಮನೆ ಕಟ್ಟಬೇಕಂತೆ. ನಾನು ಬಾಯಿ ತೆಗೆಯುವ ಮೊದಲೇ ಹೇಳಿದರು: "ತಮಾ, ಇವನಿಗೆ ಇಂಗ್ಲಿಷ್ ಚೆನ್ನಾಗಿ ಬರ್ತದೆ. ಹಾಗಾಗಿ ನೀನು ಹಗ್ಗ, ಸುಣ್ಣ ಹಿಡ್ಕೊಂಡು ಸೈಟಿಗೇ ಬಾ."